ಪ್ರ: ನಾವಿರುವುದು ಡಲ್ಲಾಸ್‌ನಲ್ಲಿ, ಹಡಗಿನ ಕ್ರೂಸ್ ಹೋಗಬೇಕು. ಮಕ್ಕಳಿಗೆ 9 ಮತ್ತು 12 ವರ್ಷ, ಸಸ್ಯಾಹಾರಿಗಳು. ಯಾವ ಕಂಪನಿ: ಕಾರ್ನಿವಲ್ಲೋ, ರಾಯಲ್ ಕೆರಿಬಿಯನ್ನೋ, ಡಿಸ್ನಿಯೋ?

ಹಡಗು ಹೊರಡುವ ಗ್ಯಾಲ್ವೆಸ್ಟನ್ ಬಂದರಿಗೆ ಕಾರಲ್ಲೇ ಹೋಗಬಹುದು, ವಿಮಾನದ ಖರ್ಚು ಉಳಿಯುತ್ತದೆ. ನಿಮ್ಮಲ್ಲಿ ತೊಡಕಾಗುವುದು 12ರ ವಯಸ್ಸು. ಕಾರ್ನಿವಲ್‌ನಲ್ಲಿ ಮಕ್ಕಳ ಕ್ಲಬ್ಬು ಕ್ಯಾಂಪ್ ಓಷನ್ 11ಕ್ಕೆ ಮುಗಿಯುತ್ತದೆ, 12–14ರವರಿಗೆ ಸರ್ಕಲ್ ಸಿ. ಅಂದರೆ ಅಣ್ಣ ತಮ್ಮ ಬೇರೆಬೇರೆ ಕ್ಲಬ್ಬಿಗೆ. ಚಿಕ್ಕವನು ಒಬ್ಬನೇ ಹೋಗಲ್ಲ ಅಂತ ಹಟ ಹಿಡಿದರೆ ನಿಮ್ಮ ಸಂಜೆ ಕೆಟ್ಟಂತೆ. ಬುಕ್ ಮಾಡುವ ಮುಂಚೆ ಅವರನ್ನೇ ಕೇಳಿ.

ರಾಯಲ್‌ನ ದೊಡ್ಡ ಹಡಗುಗಳಲ್ಲಿರುವ ಫ್ಲೋರೈಡರ್ ಅಲೆಯಾಟಕ್ಕೆ ಮಲಗಿ ಆಡಲು 52 ಇಂಚು, ನಿಂತು ಆಡಲು 58 ಇಂಚು ಎತ್ತರ ಬೇಕು. ಮನೆಯಲ್ಲೇ ಅಳೆದು ನೋಡಿ, ಅಲ್ಲಿ ಹೋಗಿ ಮಕ್ಕಳನ್ನು ಅಳಿಸಬೇಡಿ. ಡಿಸ್ನಿ ಚೆನ್ನಾಗಿದೆ, ಕ್ಯಾಸಿನೋ ಕೂಡ ಇಲ್ಲ. ಆದರೆ ಮಕ್ಕಳಿಗೆ ಮಿಕ್ಕಿ ಮೌಸ್‌ನಂಥ ಪಾತ್ರಗಳ ಹುಚ್ಚಿಲ್ಲದಿದ್ದರೆ ಅಷ್ಟು ದುಡ್ಡು ದಂಡ.

ಊಟಕ್ಕೆ ಕಾರ್ನಿವಲ್ ವಾಸಿ: ಡೈನಿಂಗ್ ರೂಮಿನಲ್ಲಿ ಭಾರತೀಯ ಸಸ್ಯಾಹಾರ ಸಿಗುತ್ತದೆ, ಹಿಂದಿನ ರಾತ್ರಿಯೇ ಹೇಳಿಟ್ಟರೆ ಬಿಸಿಬಿಸಿ ಪಲ್ಯ, ಬೇಳೆ ಬರುತ್ತದೆ. ನನ್ನ ಓಟು ಅದಕ್ಕೇ.

ನಾಲ್ವರಿಗೆ ಒಂದೇ ಬಾಲ್ಕನಿ ರೂಮಿಗಿಂತ ಅಕ್ಕಪಕ್ಕದ ಎರಡು ಕಿಟಕಿಯಿಲ್ಲದ ಒಳರೂಮು ನೋಡಿ, ಎರಡು ಬಚ್ಚಲು ಸಿಗುತ್ತವೆ. ಟಿಪ್ಸ್ ತಲೆಗಿಷ್ಟು, ದಿನಕ್ಕಿಷ್ಟು ಅಂತ, ಮಕ್ಕಳಿಗೂ ಲೆಕ್ಕ. ಜನವರಿ–ಫೆಬ್ರವರಿಯಲ್ಲಿ ಮಂಜಿಗೆ ಬಂದರು ಮುಚ್ಚಿ ಹಡಗು ತಡವಾಗುವುದುಂಟು, ಮರುದಿನವೇ ಶಾಲೆ ಇಟ್ಟುಕೊಳ್ಳಬೇಡಿ.