ಓಪನ್‌ಡಬ್ಲ್ಯೂಆರ್‌ಟಿ ಹಾಕಿದ ರೂಟರ್ ಸ್ಪಂದಿಸುತ್ತಿಲ್ಲ, ಮತ್ತೆ ಎಬ್ಬಿಸುವುದು ಹೇಗೆ?

ಓಪನ್‌ಡಬ್ಲ್ಯೂಆರ್‌ಟಿಯಲ್ಲಿ (ರೂಟರ್‌ಗೆ ಕಂಪನಿಯ ಸಾಫ್ಟ್‌ವೇರ್ ಬದಲು ಹಾಕುವ ಉಚಿತ ಸಾಫ್ಟ್‌ವೇರ್) ವಿಲ್ಯಾನ್ ಸೆಟ್ಟಿಂಗ್, ಅಂದರೆ ಒಂದೇ ನೆಟ್‌ವರ್ಕನ್ನು ಬೇರೆ ಬೇರೆ ಭಾಗ ಮಾಡುವ ಸೆಟ್ಟಿಂಗ್, ಬದಲಿಸಿ ಸೇವ್ ಮಾಡಿದ ಮೇಲೆ ವೈಫೈ ಕಾಣಿಸುತ್ತಿಲ್ಲ, ಕೇಬಲ್ ಹಾಕಿದರೂ ಪೇಜ್ ತೆರೆಯುತ್ತಿಲ್ಲ, ಪವರ್ ಲೈಟ್ ಮಾತ್ರ ಉರಿಯುತ್ತಿದೆ ಅಂದಿದ್ದೀರಿ. ಹಾಗಾದರೆ ಬಹುಶಃ ರೂಟರ್ ಕೆಟ್ಟಿಲ್ಲ, ಒಳಗೆ ಹೋಗುವ ದಾರಿ ಮಾತ್ರ ಮುಚ್ಚಿದೆ. ದಯವಿಟ್ಟು ಈಗಲೇ ಬಿಚ್ಚಲು ಹೋಗಬೇಡಿ.

ಮೊದಲು ಫೇಲ್‌ಸೇಫ್ ಮೋಡ್ ನೋಡಿ, ಅಂದರೆ ನಿಮ್ಮ ಸೆಟ್ಟಿಂಗ್‌ಗಳನ್ನು ಬಿಟ್ಟು ರೂಟರ್ ಆನ್ ಆಗುವ ತುರ್ತು ಸ್ಥಿತಿ. ಕಂಪ್ಯೂಟರ್‌ನ ವೈಫೈ ಆಫ್ ಮಾಡಿ, ಕೇಬಲನ್ನು ಲ್ಯಾನ್ ಪೋರ್ಟ್‌ಗೆ ಹಾಕಿ. ಕಂಪ್ಯೂಟರ್‌ಗೆ ನೀವೇ ಕೈಯಾರೆ 192.168.1.2 ವಿಳಾಸ ಕೊಡಿ, ಮಾಸ್ಕ್ 255.255.255.0. ಫೇಲ್‌ಸೇಫ್‌ನಲ್ಲಿ ಡಿಎಚ್‌ಸಿಪಿ (ಕಂಪ್ಯೂಟರ್‌ಗೆ ತಾನಾಗಿ ವಿಳಾಸ ಕೊಡುವ ವ್ಯವಸ್ಥೆ) ಇರುವುದಿಲ್ಲ, ತಾನಾಗಿ ವಿಳಾಸ ಸಿಗುತ್ತದೆ ಅಂತ ಕಾಯುತ್ತಾ ಕೂತರೆ ಏನೂ ಆಗುವುದಿಲ್ಲ. ಈಗ ರೂಟರ್ ಆನ್ ಮಾಡಿ ಲೈಟನ್ನೇ ನೋಡುತ್ತಿರಿ. ಸ್ವಲ್ಪ ಹೊತ್ತಿಗೆ ಅದು ಮಿಟುಕಲು ಶುರು ಮಾಡುತ್ತದೆ, ಆಗ ರೀಸೆಟ್ ಬಟನ್ ಒತ್ತಿ. ಮಿಟುಕುವ ವೇಗ ಇದ್ದಕ್ಕಿದ್ದಂತೆ ಜಾಸ್ತಿ ಆಯಿತಾ, ಒಳಗೆ ಹೋದಿರಿ ಅಂತ ಅರ್ಥ. ಸಮಯ ತುಂಬಾ ಕಡಿಮೆ ಇರುವುದರಿಂದ ಮೊದಲ ಸಲಕ್ಕೇ ಆಗದಿದ್ದರೆ ಬೇಜಾರಾಗಬೇಡಿ, ನಾಲ್ಕೈದು ಸಲ ಮಾಡಿ. ಒಂದು ಪೋರ್ಟ್‌ನಲ್ಲಿ ಆಗದಿದ್ದರೆ ಇನ್ನೊಂದರಲ್ಲಿ ನೋಡಿ.

ಒಳಗೆ ಹೋದ ಮೇಲೆ ಕಂಪ್ಯೂಟರ್‌ನ ಕಮಾಂಡ್ ವಿಂಡೋದಿಂದ ರೂಟರ್‌ಗೆ ಎಸ್‌ಎಸ್‌ಎಚ್ ಮಾಡಿ (ದೂರದಿಂದ ಕಮಾಂಡ್ ಕೊಡುವ ವಿಧಾನ): ssh root@192.168.1.1. ಪಾಸ್‌ವರ್ಡ್ ಕೇಳುವುದಿಲ್ಲ. mount_root ಕಮಾಂಡ್ ಕೊಟ್ಟರೆ ನಿಮ್ಮ ಹಳೆಯ ಸೆಟ್ಟಿಂಗ್ ಫೈಲ್‌ಗಳು ಸಿಗುತ್ತವೆ, ನೆಟ್‌ವರ್ಕ್ ಫೈಲ್ (/etc/config/network) ತೆರೆದು ತಪ್ಪಾದ ಸಾಲನ್ನಷ್ಟೇ ಸರಿ ಮಾಡಬಹುದು. ಅಷ್ಟು ತಾಳ್ಮೆ ಇಲ್ಲದಿದ್ದರೆ ಫಸ್ಟ್‌ಬೂಟ್ (firstboot) ಕಮಾಂಡ್ ಕೊಟ್ಟು ರೀಬೂಟ್ ಮಾಡಿ. ಓಪನ್‌ಡಬ್ಲ್ಯೂಆರ್‌ಟಿಯ ಮೂಲ ಫರ್ಮ್‌ವೇರ್ (ರೂಟರ್ ನಡೆಸುವ ಸಾಫ್ಟ್‌ವೇರ್) ಒಂದು ಕಡೆ, ನೀವು ಮಾಡಿದ ಬದಲಾವಣೆಗಳೆಲ್ಲ ಅದರ ಮೇಲಿನ ಪದರದಲ್ಲಿ ಇರುತ್ತವೆ. ಫಸ್ಟ್‌ಬೂಟ್ ಅಳಿಸುವುದು ಆ ಮೇಲಿನ ಪದರವನ್ನು ಮಾತ್ರ. ನಿಮ್ಮ ಕೇಸಿನಲ್ಲಿ ಬಹುಶಃ ಇಲ್ಲಿಗೇ ಕೆಲಸ ಮುಗಿಯುತ್ತದೆ.

ಲೈಟ್ ಮಿಟುಕುವುದೇ ಇಲ್ಲ, ಅಥವಾ ಪದೇ ಪದೇ ತಾನಾಗಿ ರೀಸ್ಟಾರ್ಟ್ ಆಗುತ್ತಿದೆ ಅಂದರೆ ಫರ್ಮ್‌ವೇರೇ ಹಾಳಾಗಿರಬಹುದು. ಆದರೂ ಬೂಟ್‌ಲೋಡರ್ (ಆನ್ ಆದಾಗ ಮೊದಲು ಓಡಿ ಫರ್ಮ್‌ವೇರನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಂ) ಫ್ಲ್ಯಾಶ್, ಅಂದರೆ ರೂಟರ್‌ನ ಸಂಗ್ರಹ ಚಿಪ್‌ನ ಬೇರೆ ಭಾಗದಲ್ಲಿ ಇರುತ್ತದೆ, ಅದು ಉಳಿದಿದ್ದರೆ ಟಿಎಫ್‌ಟಿಪಿ ಮೂಲಕ (ಕಂಪ್ಯೂಟರ್‌ನಲ್ಲಿ ಒಂದು ಸಣ್ಣ ಸರ್ವರ್ ಪ್ರೋಗ್ರಾಂ ಓಡಿಸಿ ಕೇಬಲ್‌ನಲ್ಲಿ ಫೈಲ್ ಕಳಿಸುವ ವಿಧಾನ) ಫರ್ಮ್‌ವೇರ್ ಹೊಸದಾಗಿ ತುಂಬಬಹುದು. ಟಿಪಿ-ಲಿಂಕ್‌ನ ಹಲವು ಮಾದರಿಗಳಲ್ಲಿ ರೀಸೆಟ್ ಒತ್ತಿ ಹಿಡಿದು ಪವರ್ ಕೊಟ್ಟರೆ ರೂಟರ್ ತಾನೇ 192.168.0.66ರಲ್ಲಿರುವ ಕಂಪ್ಯೂಟರ್‌ನಿಂದ ಫೈಲ್ ಕೇಳುತ್ತದೆ. ಬೇರೆ ಕಂಪನಿಗಳದ್ದು ಬೇರೆ ರೀತಿ, ಅದಕ್ಕೆ ನಿಮ್ಮ ಮಾದರಿಯ ಓಪನ್‌ಡಬ್ಲ್ಯೂಆರ್‌ಟಿ ಪುಟ ನೋಡಿಯೇ ವಿಳಾಸ, ಫೈಲ್ ಹೆಸರು ಹಾಕಿ.

ಇಲ್ಲಿ ನಾನು ಒಂದು ಇಡೀ ಸಂಜೆ ಕಳೆದಿದ್ದೇನೆ. ವಿಳಾಸ ಸರಿ, ಫೈಲ್ ಸರಿ, ಆದರೂ ಟಿಎಫ್‌ಟಿಪಿ ವಿಂಡೋದಲ್ಲಿ ಒಂದು ಸಾಲೂ ಬರಲಿಲ್ಲ. ಕಾರಣ ಎರಡಿತ್ತು. ಫೈರ್‌ವಾಲ್ ಯುಡಿಪಿ 69ನೇ ಪೋರ್ಟನ್ನು ತಡೆಯುತ್ತಿತ್ತು. ಆ ಪೋರ್ಟಿಗೆ ಅನುಮತಿ ಕೊಟ್ಟ ಮೇಲೂ, ರೂಟರ್ ಆನ್ ಆದಾಗ ಕೇಬಲ್ ಲಿಂಕ್ ಒಂದು ಕ್ಷಣ ಬಿದ್ದು ಎದ್ದು, ನನ್ನ ಲ್ಯಾಪ್‌ಟಾಪ್ ನೆಟ್‌ವರ್ಕ್ ತಯಾರಾಗುವಷ್ಟರಲ್ಲಿ ರೂಟರ್ ಫೈಲ್ ಕೇಳಿ ಸುಮ್ಮನಾಗಿಬಿಡುತ್ತಿತ್ತು. ನಡುವೆ ಒಂದು ಹಳೆಯ ನೆಟ್‌ವರ್ಕ್ ಸ್ವಿಚ್ ಇಟ್ಟೆ ನೋಡಿ, ಲ್ಯಾಪ್‌ಟಾಪ್ ಕಡೆಯ ಲಿಂಕ್ ಬೀಳಲಿಲ್ಲ, ಮೊದಲ ಯತ್ನಕ್ಕೇ ಫೈಲ್ ಹೋಯಿತು. ಫೈಲ್ ಹೋದ ತಕ್ಷಣ ಪವರ್ ತೆಗೆಯಬೇಡಿ. ಫ್ಲ್ಯಾಶ್‌ಗೆ ಬರೆಯುವುದು ಆಮೇಲೆ ನಡೆಯುತ್ತದೆ, ರೂಟರ್ ತಾನಾಗಿ ರೀಬೂಟ್ ಆಗುವವರೆಗೆ ಮುಟ್ಟಬೇಡಿ.

ಅದೂ ಆಗದಿದ್ದರೆ ಕೊನೆಗೆ ಸೀರಿಯಲ್, ಅಂದರೆ ರೂಟರ್ ಬಿಚ್ಚಿ ಬೋರ್ಡ್‌ನ ಪಿನ್‌ಗಳಿಗೆ ತಂತಿ ಹಾಕಿ ಬೂಟ್‌ಲೋಡರ್ ಜೊತೆ ನೇರವಾಗಿ ಮಾತಾಡುವುದು. 3.3 ವೋಲ್ಟ್‌ನ ಯುಎಸ್‌ಬಿ ಅಡಾಪ್ಟರ್ ಬೇಕು, ಗ್ರೌಂಡ್, ಟಿಎಕ್ಸ್ (ಕಳಿಸುವುದು), ಆರ್‌ಎಕ್ಸ್ (ಪಡೆಯುವುದು) ಮೂರೇ ತಂತಿ, ವಿಸಿಸಿ (ವಿದ್ಯುತ್) ಪಿನ್‌ಗೆ ಏನೂ ಬೇಡ. ಸೀರಿಯಲ್ ವೇಗ (ಬಾಡ್ ರೇಟ್) ಹೆಚ್ಚಿನ ರೂಟರ್‌ಗಳಲ್ಲಿ 115200. ಬೂಟ್‌ಲೋಡರ್ ಸಿಕ್ಕಿತು ಅಂತ ಇಡೀ ಫ್ಲ್ಯಾಶ್ ಅಳಿಸಬೇಡಿ. ಆ ಒಂದೊಂದು ರೂಟರ್‌ಗೇ ಅಳೆದು ಬರೆದ ವೈಫೈ ಮಾಹಿತಿಯೂ ಅದರಲ್ಲೇ ಇರುತ್ತದೆ, ಬೇರೆ ರೂಟರ್‌ನಿಂದ ತಂದು ಹಾಕಿದರೆ ಸರಿಹೋಗುವುದಿಲ್ಲ.

ಹಿಂಬದಿಯ ಸ್ಟಿಕ್ಕರ್‌ನಲ್ಲಿ ಮಾದರಿ ಜೊತೆಗೆ ಹಾರ್ಡ್‌ವೇರ್ ವರ್ಷನ್ ಇರುತ್ತದೆ. ಅವೆರಡನ್ನೂ, ಆನ್ ಮಾಡಿದ ಮೇಲೆ ಮೊದಲ ಒಂದು ನಿಮಿಷ ಲೈಟ್ ಹೇಗೆ ಉರಿಯುತ್ತದೆ ಅನ್ನುವುದನ್ನೂ ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.