ನೊರೆ ಬಂದ ಕಲ್ಲಿನಿಂದಲೇ ಶುರು ಮಾಡಿ

ಮಾನ್ಯರೇ,

ಗುಜರಾತಿನ ಛೋಟಾ ಉದಯಪುರ ಜಿಲ್ಲೆಯ ಅಂಬಾ ಡೊಂಗರ್ ಬೆಟ್ಟದ ಕಾರ್ಬೊನಟೈಟ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲಾಗದು. ಆದರೆ ಐದನೇ ಪುಟದ ಒಂದು ಪ್ಯಾರಾಕ್ಕಾಗಿ ಇಷ್ಟುದ್ದ ಉತ್ತರ ಬರೆಯುತ್ತಿದ್ದೇನೆ.

ಬಂಡೆಯ ಮೇಲೆ ಆ್ಯಸಿಡ್ ಹನಿ ಬಿಟ್ಟಿರಿ, ಸುಣ್ಣದಕಲ್ಲಿನ ಮೇಲೆ ಬರುವ ಹಾಗೆಯೇ ಬುರುಬುರು ನೊರೆ ಬಂತು. "ಹಾಗಾದರೆ ಇದು ಸುಣ್ಣದಕಲ್ಲೇ ಅಲ್ಲವೇ?" ಎಂದು ಜೊತೆಗಿದ್ದವರು ಕೇಳಿದರು. "ಅಲ್ಲ, ಇದು ಅಗ್ನಿಶಿಲೆ" ಎಂದು ಬರೆದು ನೀವು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಅಲ್ಲವೆಂದು ಹೇಗೆ ಗೊತ್ತಾಯಿತು? ಲೇಖನವೆಲ್ಲ ಇರಬೇಕಾದದ್ದು ಈ ಪ್ರಶ್ನೆಯ ಮೇಲೆ. ಮೊದಲ ನಾಲ್ಕು ಪುಟಗಳ ವ್ಯಾಖ್ಯೆ, ವರ್ಗೀಕರಣ ತೆಗೆದುಹಾಕಿ. ಕಾರ್ಬೊನಟೈಟ್ ಎಂದರೆ ಅರ್ಧಕ್ಕಿಂತ ಹೆಚ್ಚು ಕಾರ್ಬೊನೇಟ್ ಖನಿಜವಿರುವ ಅಗ್ನಿಶಿಲೆ ಎಂದಷ್ಟೇ ಹೇಳಿದರೆ ಸಾಕು.

ಉತ್ತರ ನಿಮ್ಮ ಕೈಯಲ್ಲೇ ಇದೆ, ಖನಿಜಗಳ ಪಟ್ಟಿಯೊಳಗೆ ಹೂತುಹೋಗಿದೆ. ಕ್ಯಾಲ್ಸೈಟ್ ಹರಳುಗಳ ನಡುವೆ ಅಪಟೈಟ್, ಮ್ಯಾಗ್ನೆಟೈಟ್, ನಿಯೋಬಿಯಂ ಲೋಹ ಹೊತ್ತ ಪೈರೋಕ್ಲೋರ್ ಖನಿಜ ಎಂದು ಬರೆದಿದ್ದೀರಿ. ಸಮುದ್ರತಳದಲ್ಲಿ ಪದರವಾಗಿ ಕೂತ ಸುಣ್ಣದಕಲ್ಲಿನಲ್ಲಿ ಪೈರೋಕ್ಲೋರ್ ಬೆಳೆಯುವುದಿಲ್ಲ. ಪಕ್ಕದ ಮರಳುಗಲ್ಲು ಅದಕ್ಕಿಂತ ದೊಡ್ಡ ಸಾಕ್ಷಿ. ಕೆಳಗಿನಿಂದ ನುಗ್ಗಿದ ಶಿಲಾಪಾಕ, ಅಂದರೆ ಕರಗಿದ ಕಲ್ಲು, ಅದನ್ನು ಗುಮ್ಮಟದ ಹಾಗೆ ಎತ್ತಿದೆ. ಶಿಲಾಪಾಕದಿಂದ ಹೊರಟ ಕ್ಷಾರದ್ರವ ಅದರ ಕ್ವಾರ್ಟ್ಜನ್ನು ತಿಂದು ಫೆಲ್ಡ್‌ಸ್ಪಾರ್ ಕೂರಿಸಿದೆ. ಹೀಗೆ ಬದಲಾದ ಕಲ್ಲೇ ಫೀನೈಟ್. ತಣ್ಣಗೆ ಕೂತ ಸುಣ್ಣದಕಲ್ಲು ನೆರೆಯ ಕಲ್ಲಿಗೆ ಹೀಗೆ ಮಾಡಬಲ್ಲದೇ? ನೀವು ಫೀನೈಟಿಗೆ ಕೊಟ್ಟಿರುವುದು ಅರ್ಧ ಸಾಲು!

ಒಂದು ತಪ್ಪನ್ನಂತೂ ಬಿಡಲಾರೆ. ಅಂಬಾ ಡೊಂಗರಿನಲ್ಲಿ "ಕಪ್ಪು ಲಾವಾ ನೀರಿನಂತೆ ಹರಿದು ಬೆಳ್ಳಗಾಯಿತು" ಎಂದಿದ್ದೀರಿ. ಅದು ಟಾಂಜಾನಿಯಾದ ಓಲ್ ಡೊಯಿನ್ಯೊ ಲೆಂಗಾಯ್ ಜ್ವಾಲಾಮುಖಿಯ ಕಥೆ. ಅಲ್ಲಿಯದು ಸೋಡಿಯಂ ಕಾರ್ಬೊನೇಟ್ ಲಾವಾ, ಬಿಸಿ 500–600 ಡಿಗ್ರಿ ಸೆಲ್ಸಿಯಸ್ ಅಷ್ಟೇ, ಗಾಳಿಯ ತೇವ ತಾಕಿದರೆ ಬಿಳಿಚಿಕೊಳ್ಳುತ್ತದೆ. ಅಂಬಾ ಡೊಂಗರಿನದು ಮುಖ್ಯವಾಗಿ ಕ್ಯಾಲ್ಸೈಟ್, ಸುಮಾರು 6.5 ಕೋಟಿ ವರ್ಷಗಳ ಹಿಂದೆ, ಡೆಕ್ಕನ್ ಲಾವಾ ಹರಿದ ಕಾಲದಲ್ಲಿ, ನೆಲದಡಿಯಲ್ಲೇ ಗಟ್ಟಿಯಾದದ್ದು. ಲೆಂಗಾಯ್ ಬೇಕೇ ಬೇಕೆಂದರೆ ಅದಕ್ಕೆ ಬೇರೆ ಜಾಗವಿದೆ: ಇಂಥ ಕಲ್ಲು ಶಿಲಾಪಾಕದಿಂದಲೇ ಹುಟ್ಟಿದ್ದೆಂದು ನಾರ್ವೆಯ ಭೂವಿಜ್ಞಾನಿ ಬ್ರೋಗರ್ 1921ರಲ್ಲೇ ವಾದಿಸಿದ್ದರು, ಹಲವರು ಒಪ್ಪಿರಲಿಲ್ಲ. 1960ರಲ್ಲಿ ಲೆಂಗಾಯ್‌ನ ಕುಳಿಯಲ್ಲಿ ಕಾರ್ಬೊನೇಟ್ ಲಾವಾ ಹರಿಯುವುದು ಕಣ್ಣಿಗೇ ಬಿದ್ದ ಮೇಲೆ ಆ ವಾದಕ್ಕೆ ಬಲ ಬಂತು.

ಭಾರತದ ಕಾರ್ಬೊನಟೈಟ್‌ಗಳೆಲ್ಲ ಡೆಕ್ಕನ್ ಕಾಲದವು ಎಂಬ ಮಾತನ್ನೂ ಹೊಡೆದುಹಾಕಿ. ನಮ್ಮ ಗಡಿಯಲ್ಲೇ ಇರುವ ಹೊಗೇನಕಲ್‌ನದು ಸುಮಾರು 240 ಕೋಟಿ ವರ್ಷ ಹಳೆಯದು.

ಇನ್ನು ಆ "ಸಾವಿರಾರು ಕೋಟಿಯ ರೇರ್ ಅರ್ಥ್ ಖಜಾನೆ". ಈ ಅಂಕಿ ಎಲ್ಲಿಯದು? ಕಲ್ಲಿನಲ್ಲಿ ಧಾತು ಇರುವುದು ಬೇರೆ, ಲಾಭಕ್ಕೆ ತೆಗೆಯಲು ಬರುವುದು ಬೇರೆ. ಅಂಬಾ ಡೊಂಗರಿನ ಗಣಿ ಹೆಸರಾದದ್ದು ಫ್ಲೋರ್‌ಸ್ಪಾರ್‌ಗೆ, ಅಂದರೆ ಫ್ಲೋರೈಟ್ ಖನಿಜಕ್ಕೆ. ಶಿಲಾಪಾಕದ ಕೆಲಸವೆಲ್ಲ ಮುಗಿಯುವ ಹೊತ್ತಿಗೆ ಬಿರುಕು, ಪೊಟರೆಗಳಿಗೆ ಹರಿದ ಬಿಸಿನೀರು ಫ್ಲೋರೈಟ್ ಹರಳು ಕಟ್ಟಿತು. ಉಕ್ಕಿನ ಕುಲುಮೆಗೂ ಹೈಡ್ರೋಫ್ಲೋರಿಕ್ ಆ್ಯಸಿಡ್‌ಗೂ ಬೇಕಾದದ್ದು ಅದು. ನಿಮ್ಮಲ್ಲಿ ಅದಕ್ಕೆ ಸಿಕ್ಕಿರುವುದು "ಬಣ್ಣಬಣ್ಣದ ಸುಂದರ ಹರಳುಗಳು" ಎಂಬ ವಿಶೇಷಣಗಳು ಮಾತ್ರ.

ಎಂಟುನೂರು ಪದ ದಾಟದಂತೆ ಮತ್ತೆ ಬರೆದು ಕಳಿಸಿ. ಫೀನೈಟಿನ ಫೋಟೊ ಇದ್ದರೆ ಜೊತೆಗಿರಲಿ. ಅಳತೆ ತಿಳಿಯುವಂತೆ ಪಕ್ಕದಲ್ಲಿ ನಾಣ್ಯವೋ ಸುತ್ತಿಗೆಯೋ ಇರಬೇಕು.

ಇತಿ,
ಸಂಪಾದಕ