‘ಸರ’ ಓದಲಾರದ ಮಗು

“ಯುಕೆಜಿ ಓದುವ ನನ್ನ ಮಗಳಿಗೆ ಗೋಡೆಯ ಚಾರ್ಟಿನ ಅಕ್ಷರಗಳೆಲ್ಲ ಗೊತ್ತು. ‘ಅಮ್ಮ’ ಅಂತ ಓದುತ್ತಾಳೆ. ಆದರೆ ‘ಸರ’ ಎಂದು ಬರೆದರೆ ‘ಸ’ ಅನ್ನುತ್ತಾಳೆ, ‘ರ’ ಅನ್ನುತ್ತಾಳೆ, ಆಮೇಲೆ ನನ್ನ ಮುಖ ನೋಡುತ್ತಾಳೆ. ಫೋನಿಕ್ಸ್ ವಿಡಿಯೊ ನೋಡಿ ‘ಸ್-ಅ-ರ್-ಅ’ ಎಂದು ಬಿಡಿಸಿ ಹೇಳಿಕೊಟ್ಟೆ. ಇನ್ನಷ್ಟು ಗೊಂದಲವಾಯಿತು. ಏನು ಮಾಡಲಿ?”
– ಓದುಗರೊಬ್ಬರು, ಶಿರಸಿ

ಸಂಪಾದಕರ ಉತ್ತರ:

ಮೊದಲು ಆ ‘ಸ್-ಅ-ರ್-ಅ’ ಬಿಟ್ಟುಬಿಡಿ. ಇಂಗ್ಲಿಷಿನ ಸಿ, ಏ, ಟಿಗಳಿಗೆ ಹೆಸರೇ ಬೇರೆ, ಸದ್ದೇ ಬೇರೆ. ಅಲ್ಲಿ ಸದ್ದು ಬಿಡಿಸಿ ಕೂಡಿಸದೆ ಗತಿಯಿಲ್ಲ. ನಮ್ಮ ‘ಸ’ಕ್ಕೆ ಹೆಸರೂ ಅದೇ, ಸದ್ದೂ ಅದೇ, ‘ಅ’ಕಾರ ಒಳಗೇ ಕೂತಿದೆ. ನಿಮ್ಮ ಮಗಳಿಗೆ ತೊಡಕಾಗಿರುವುದು ಎರಡು ಅಕ್ಷರಗಳ ನಡುವೆ ಎಳೆದುಕೊಳ್ಳುವ ಉಸಿರು. ‘ರ’ ನೆನಪಾಗುವಷ್ಟರಲ್ಲಿ ‘ಸ’ ಮರೆತಿರುತ್ತದೆ.

ಇದಕ್ಕೆ ಕುಂಟೆಬಿಲ್ಲೆಯಷ್ಟು ಒಳ್ಳೆಯ ಮದ್ದು ನಾನು ಕಂಡಿಲ್ಲ. ಅಂಗಳದಲ್ಲಿ ಮನೆ ಬರೆದು ರ, ಗ, ಸ, ದ, ಅ ತುಂಬಿಸಿ. (ನಮ್ಮ ಸರ್ಕಾರಿ ಶಾಲೆಗಳ ಒಂದನೇ ತರಗತಿಯಲ್ಲಿ, ‘ನಲಿ-ಕಲಿ’ಯಲ್ಲಿ, ಅಕ್ಷರ ಶುರುವಾಗುವುದೂ ಈ ಐದರಿಂದಲೇ, ‘ಅ ಆ ಇ ಈ’ಯಿಂದಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ಪದ್ಧತಿ ಅದು. ಖಾಸಗಿ ಶಾಲೆಯ ಅಪ್ಪ-ಅಮ್ಮಂದಿರು ಅತ್ತ ತಿರುಗಿಯೂ ನೋಡುವುದಿಲ್ಲ.) ಐದೇ ಅಕ್ಷರದಲ್ಲಿ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲ ಸಿಗುತ್ತವೆ. ಒಂದು ಕುಪ್ಪಳಿಕೆಗೆ ಒಂದು ಅಕ್ಷರ ಕೂಗಬೇಕು. ನಡುವೆ ನಿಂತರೆ ಕಾಲು ನೆಲಕ್ಕೆ ತಾಗಿ ಔಟ್! ನಿಲ್ಲಬೇಡ ಎಂದು ನೀವು ಹೇಳಬೇಕಾಗಿಯೇ ಇಲ್ಲ.

ನನ್ನ ಮೊಮ್ಮಗಳು ‘ಗ-ರ-ಗ-ಸ’ ಎಂದು ನಾಲ್ಕು ಸಲ ಕುಂಟಿದಳು, ಪದ ಹುಟ್ಟಲಿಲ್ಲ. ಅವಳು ಗರಗಸ ಕಂಡೇ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ಆಮೇಲೆ. ಅಟ್ಟದಿಂದ ತುಕ್ಕು ಹಿಡಿದ ಗರಗಸ ಇಳಿಸಿ, ಒಂದು ತೆಂಗಿನ ಗರಿಯ ದಿಂಡು ಕೊಯ್ದು ತೋರಿಸಿದೆ. ಮಾರನೆಯ ದಿನ ಮೂರನೇ ಮನೆಗೆ ಬರುವ ಮೊದಲೇ “ಗರಗಸ!” ಎಂದು ಕಿರುಚಿದಳು. ಕಿವಿಗೆ ಬೀಳದ ಪದ ನಾಲಿಗೆಯ ಮೇಲೆ ಕೂಡಿಕೊಳ್ಳುವುದಿಲ್ಲ.

ಕಾಗುಣಿತಕ್ಕೆ ಚಪಾತಿ ಹಿಟ್ಟು ಹಿಡಿಯಿರಿ. ಹಿಟ್ಟನ್ನು ಹೊಸೆದು ಮಣೆಯ ಮೇಲೆ ‘ಸರ’ ಮಾಡಿ, ತಲೆಕಟ್ಟು ಮಾತ್ರ ಬೇರೆ ತುಂಡಾಗಿರಲಿ. ‘ರ’ದ ತಲೆಕಟ್ಟು ಅವಳೇ ಕೀಳಲಿ, ಅಲ್ಲಿ ಗುಡಿಸು ಇಡಲಿ: ಸರಿ. ‘ಸ’ಕ್ಕೂ ಹಾಗೇ ಮಾಡಿದರೆ ಸಿರಿ. ಎರಡಕ್ಕೂ ಏತ್ವ ಕೊಟ್ಟರೆ ಸೆರೆ. ‘ಅ’ ಹೋಗಿ ‘ಇ’ ಬಂತು ಎಂದು ನೂರು ಸಲ ಹೇಳುವುದನ್ನು ಬೆರಳು ಒಂದೇ ಸಲಕ್ಕೆ ತಿಳಿದುಕೊಳ್ಳುತ್ತದೆ. ಕೊಂಬು ಮಾತ್ರ ತಲೆಕಟ್ಟಿದ್ದ ಹಾಗೆಯೇ ಪಕ್ಕಕ್ಕೆ ಬಂದು ಕೂರುತ್ತದೆ, ಅದನ್ನು ಮುಂದಿನ ವಾರಕ್ಕಿಡಿ.

ಒತ್ತಕ್ಷರಕ್ಕೆ ಈಗಲೇ ಕೈ ಹಾಕಬೇಡಿ. ‘ಅಮ್ಮ’ ಓದುತ್ತಾಳೆ ಎಂದಿದ್ದೀರಿ. ನನಗೇಕೋ ಅದು ಓದಲ್ಲ, ಮುಖಪರಿಚಯ ಅನಿಸುತ್ತದೆ. ‘ಅಕ್ಕ’ ಎಂದು ಬರೆದು ಕೊಟ್ಟು ನೋಡಿ.